ರಾಗಿಯ ತವರಲ್ಲಿರುವ ತಂಗಿಗೆ

ಪ್ರೀತಿಯ ತಂಗಿ,

ಉಗಾಂಡಾದ ಕಂಪಾಲಾದಿಂದ ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಬರೆಯುವ ಕೈ ನಿನಗಿದೆ, ಅನುಮಾನವೇ ಬೇಡ. ಆದರೆ ಮೊದಲ ಸಾಲೇ ಮುಳ್ಳಿನ ಹಾಗೆ ಚುಚ್ಚಿತು. 'ಕಗ್ಗತ್ತಲ ಖಂಡ' ಎಂದು ಶುರು ಮಾಡಿದ್ದೀಯ. ನಾನೂ ಶಾಲೆಯಲ್ಲಿ ಹಾಗೇ ಕಲಿತವಳು. ಒಳನಾಡಿನ ಗುರುತು ಪರಿಚಯವಿಲ್ಲದ ಯುರೋಪಿನವರು ಇಟ್ಟ ಹೆಸರು ಅದು. ಅವರಿಗೆ ಕಾಣದ್ದು ಅವರಿಗೆ ಕತ್ತಲೆ. ನಾವ್ಯಾಕೆ ಅದನ್ನು ಹೊತ್ತು ತಿರುಗಬೇಕು? ಹೊಡೆದುಹಾಕು.

ಆಮೇಲೆ 'ಆಫ್ರಿಕಾದ ಜನ', 'ಆಫ್ರಿಕಾದ ಊಟ', 'ಆಫ್ರಿಕಾದ ಕುಣಿತ'. ಯಾವ ಆಫ್ರಿಕಾ ಅಮ್ಮಾ? ಭಾರತದ ಒಂಬತ್ತು ಪಟ್ಟು ನೆಲ, 54 ದೇಶ, ಸುಮಾರು ಎರಡು ಸಾವಿರ ಭಾಷೆ. ನೀನಿರುವ ಉಗಾಂಡಾ ಒಂದರಲ್ಲೇ 40ಕ್ಕಿಂತ ಜಾಸ್ತಿ ಭಾಷೆಗಳಿವೆ. 'ಏಷ್ಯಾದವರ ಊಟ' ಎಂದು ಯಾರಾದರೂ ನಮ್ಮ ಬಗ್ಗೆ ಬರೆದರೆ ನಿನಗೆ ನಗು ಬರುತ್ತೆ ಅಲ್ವಾ?

'ಸುಡು ಬಿಸಿಲಿನ ನಾಡು' ಅಂತಲೂ ಬರೆದಿದ್ದೀಯ. ಹೋದ ವಾರ ಫೋನಿನಲ್ಲಿ, ರಾತ್ರಿ ಹೊದಿಕೆ ಇಲ್ಲದೆ ನಿದ್ದೆ ಬರಲ್ಲ ಅಕ್ಕ, ಅಂದವಳು ನೀನೇ! ಸಮಭಾಜಕ ರೇಖೆ ಅಲ್ಲೇ ಪಕ್ಕದಲ್ಲಿ ಹಾದುಹೋದರೂ ಕಂಪಾಲಾ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ನಮ್ಮ ಬೆಂಗಳೂರಿಗಿಂತ ಎತ್ತರ. ವರ್ಷಕ್ಕೆ ಎರಡು ಮಳೆಗಾಲ. ನೀನು ಹೊದ್ದ ಆ ಹೊದಿಕೆ ಲೇಖನಕ್ಕೆ ಬರಬೇಕಿತ್ತು. ಎಲ್ಲೋ ಓದಿದ ಬಿಸಿಲು ಬಂದು ಕೂತಿದೆ.

ನನ್ನದೊಂದು ಅನುಭವ ಹೇಳುತ್ತೇನೆ. ತುಂಬಾ ವರ್ಷಗಳ ಹಿಂದೆ ಪಶ್ಚಿಮ ಉಗಾಂಡಾದ ಎಂಬರಾರಾ ಹತ್ತಿರ ಒಬ್ಬರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಉದ್ದ ಕೊಂಬಿನ ಅಂಕೋಲೆ ದನಗಳ ಸೀಮೆ ಅದು. ಮನೆಯಾಕೆ ಮುಚ್ಚಳವಿರುವ ಸಣ್ಣದೊಂದು ಹೆಣೆದ ಬುಟ್ಟಿ ತಂದಿಟ್ಟರು. 'ಎಂದೀರೊ' ಅಂತಾರೆ ಅದಕ್ಕೆ. ಮುಚ್ಚಳ ತೆಗೆದರೆ ಒಳಗೆ ಹಬೆಯಾಡುವ ಕಂದು ಮುದ್ದೆ! ಅವರ ಮಾತಿನಲ್ಲಿ ಅದು 'ಕಾರೊ'. ಹಿಟ್ಟು 'ಒಬುರೊ'ದ್ದು, ಅಂದರೆ ನಮ್ಮ ರಾಗಿಯದ್ದೇ. ನಂಚಿಕೊಳ್ಳಲು 'ಎಶಾಬ್ವೆ', ತುಪ್ಪವನ್ನು ನೀರು, ಉಪ್ಪಿನ ಜೊತೆ ಕಡೆದು ಬೆಳ್ಳಗೆ ಮಾಡಿದ್ದು. ಆಕೆ ಬಲಗೈಯಲ್ಲಿ ಒಂದು ತುತ್ತು ಮುರಿದು, ಹೆಬ್ಬೆರಳಿಂದ ಒತ್ತಿ, ಅದರಲ್ಲಿ ಅದ್ದಿ ತೋರಿಸಿದರು. ನಾನು ಮಾತೇ ಆಡಲಿಲ್ಲ. ನಮ್ಮಜ್ಜಿ ಕಣ್ಣ ಮುಂದೆ ಬಂದಿದ್ದಳು.

ರಾಗಿ ಹುಟ್ಟಿದ್ದೇ ಇಥಿಯೋಪಿಯಾದಿಂದ ಉಗಾಂಡಾದವರೆಗಿನ ಎತ್ತರದ ನೆಲದಲ್ಲಿ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆ ಬಂತು. ಜೋಳ ಸುಡಾನ್ ಕಡೆಯಿಂದ, ಸಜ್ಜೆ ಸಹಾರಾದ ತೆಂಕಣ ಅಂಚಿನಿಂದ, ಅಲಸಂದೆಯೂ ಆ ಖಂಡದ್ದೇ. ಹಳೇ ಮೈಸೂರಿನ ಮುದ್ದೆ, ಬಡಗಣ ಸೀಮೆಯ ರೊಟ್ಟಿ ಎರಡೂ ಆ ನೆಲದ ಸಾಲ. ಇಷ್ಟು ಹತ್ತಿರದ ಈ ನಂಟು ಬಿಟ್ಟು, ಸಿಂಹ ಜಿರಾಫೆಗಳಿಗೆ ಮೂರು ಪುಟ ಕೊಟ್ಟಿದ್ದೀಯಲ್ಲ, ನನಗೆ ನಿಜಕ್ಕೂ ಬೇಜಾರಾಯಿತು.

ಬೀದಿ ಬದಿಯ 'ರೋಲೆಕ್ಸ್', ಅದೇ ಮೊಟ್ಟೆ ಇಟ್ಟು ಸುತ್ತಿದ ಚಪಾತಿ, ಅದರ ಬಗ್ಗೆ ನೀನು ಬರೆದದ್ದು ಒಂದೇ ಸಾಲು. ಇಡೀ ಲೇಖನದಲ್ಲಿ ಜೀವ ಇರುವುದು ಅಲ್ಲೇ. ಮತ್ತೆ ಹೋಗು. ಕಾವಲಿ ಮುಂದೆ ಅರ್ಧ ಗಂಟೆ ನಿಲ್ಲು. ಮೊಟ್ಟೆಗೆ ಎಲೆಕೋಸು, ಟೊಮೆಟೊ ಹಾಕಿ ಹೇಗೆ ಕಲಕುತ್ತಾನೆ, ಚಪಾತಿಯನ್ನು ಹೇಗೆ ಸುತ್ತುತ್ತಾನೆ, ನೋಡು. ಆ ಚಪಾತಿ ಅಲ್ಲಿಗೆ ಬಂದದ್ದು ನಮ್ಮ ದೇಶದವರ ಜೊತೆ. 1896ರಿಂದ ರೈಲು ಹಳಿ ಹಾಕಲು ಬ್ರಿಟಿಷರು ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಕರೆದೊಯ್ದರು. ವ್ಯಾಪಾರಿಗಳೂ ಹೋದರು. 1972ರಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ 90 ದಿನ ಗಡುವು ಕೊಟ್ಟು ಭಾರತ ಮೂಲದವರನ್ನು ಹೊರಗಟ್ಟಿದ. ಚಪಾತಿ ಮಾತ್ರ ಅಲ್ಲೇ ಉಳಿಯಿತು. ಈ ಕತೆ ಬರೆಯುವಾಗ ನಮ್ಮವರ ನೋವು ಬರೆ. ಆದರೆ ಆಗ ಅಂಗಡಿಯ ಗಲ್ಲಾ ಮುಂದೆ ಕೂತಿದ್ದವರು ಯಾರು, ಮೂಟೆ ಹೊರುತ್ತಿದ್ದವರು ಯಾರು ಎಂಬುದನ್ನೂ ಬರೆ. ಅಮೀನನ ಕೈಯಲ್ಲಿ ಸತ್ತ ಉಗಾಂಡಾದವರನ್ನು ಮರೆಯಬೇಡ. ಕೆಲವು ಅಂದಾಜುಗಳ ಪ್ರಕಾರ ಅವರ ಲೆಕ್ಕ ಲಕ್ಷಗಳಲ್ಲಿದೆ.

ಇನ್ನೊಂದು ಸಣ್ಣ ವಿಷಯ. ಕೊನೆಯಲ್ಲಿ ಯಲ್ಲಾಪುರ, ಹಳಿಯಾಳದ ಸಿದ್ದಿಗಳನ್ನು 'ನಮ್ಮಲ್ಲಿರುವ ಆಫ್ರಿಕಾದವರು' ಅಂದಿದ್ದೀಯ. ಅವರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದರು, ನಿಜ. ಆದರೆ ಎಷ್ಟೋ ತಲೆಮಾರಿನಿಂದ ಈ ಕಾಡಲ್ಲೇ ಬದುಕಿ, ಕೊಂಕಣಿ, ಕನ್ನಡ, ಮರಾಠಿ ಆಡುವವರು ಅವರು. ಕರ್ನಾಟಕದವರು. ಹಾಗೇ ಬರೆ.

ಫೋಟೋಗಳನ್ನು ಸದ್ಯಕ್ಕೆ ಪಕ್ಕಕ್ಕಿಡು. ನಿನ್ನ ಪಕ್ಕದ ಮನೆಯಾಕೆ ಬಾಳೆಕಾಯಿ ಸಿಪ್ಪೆ ಹೆರೆದು, ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸುವ ಮಟೋಕೆ ಬಗ್ಗೆ ಹೇಳಿದ್ದೆಯಲ್ಲ? ಅವರನ್ನು ಕೇಳಿ ಒಂದು ದಿನ ಜೊತೆಗೆ ಕೂತು ಸಿಪ್ಪೆ ಹೆರೆ. ಕೈಗೆ ಬಾಳೆ ಸೊನೆ ಅಂಟಿದ ಮೇಲೆ ಎರಡು ಪುಟ ಬರೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಕ್ಕ