ಮಗಳಿಗೊಂದು ಪತ್ರ: ಮತ್ತೆ ಟೆಸ್ಟರ್ ಹಿಡಿದೆ

ಸೋಮವಾರಪೇಟೆ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು "ಈ ವಯಸ್ಸಲ್ಲಿ ಏಣಿ ಹತ್ತೋದೆಲ್ಲ ಬೇಕಾಮ್ಮ?" ಅಂದೆಯಲ್ಲ, ಆಗ ನನಗೆ ಉತ್ತರ ಹೊಳೆಯಲಿಲ್ಲ. ಒಲೆ ಮೇಲೆ ಹಾಲಿತ್ತು, ನೆಟ್‌ವರ್ಕ್ ಬೇರೆ ಬಂದು ಹೋಗಿ ಮಾಡುತ್ತಿತ್ತು. ಇವತ್ತು ಬೆಳಿಗ್ಗೆಯಿಂದ ಕರೆಂಟಿಲ್ಲ. ಈ ಮಳೆಗೆ ಎಲ್ಲೋ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದಿರಬೇಕು. ಮೊಬೈಲಿನಲ್ಲಿ ಚಾರ್ಜೂ ಇಲ್ಲ, ಅದಕ್ಕೇ ಪೆನ್ನು ಹಿಡಿದು ಕೂತೆ.

ನಾನು ಐಟಿಐ ಎಲೆಕ್ಟ್ರೀಷಿಯನ್ ಮುಗಿಸಿದ್ದು 1995ರಲ್ಲಿ. ಎರಡು ವರ್ಷದ ಕೋರ್ಸು, ಕ್ಲಾಸಿನಲ್ಲಿ ನಾನೊಬ್ಬಳೇ ಹುಡುಗಿ. ಆಮೇಲೆ ಐದು ವರ್ಷ ಒಬ್ಬರು ಕಂಟ್ರಾಕ್ಟರ್ ಕೈಕೆಳಗೆ ದುಡಿದೆ. ನೀನು ಹೊಟ್ಟೆಯಲ್ಲಿದ್ದಾಗ ಬಿಟ್ಟೆ. ಮುಂದೆ ನಿನ್ನ ಬಾಣಂತನ, ತೋಟ, ಹಾಸಿಗೆ ಹಿಡಿದ ನಿನ್ನ ಅಜ್ಜಿ. ಕೆಲಸಕ್ಕೆ ಹೋಗಬೇಡ ಅಂತ ಯಾರೂ ಅನ್ನಲಿಲ್ಲ, ನಿಜ ಹೇಳಬೇಕೆಂದರೆ ಆ ಮಾತೇ ಬರಲಿಲ್ಲ. 24 ವರ್ಷ ಹಾಗೇ ಕಳೆಯಿತು.

ಐಟಿಐ ಸರ್ಟಿಫಿಕೇಟು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಭದ್ರವಾಗಿತ್ತು. ಆದರೆ ವೈರ್‌ಮನ್ ಪರ್ಮಿಟ್ ರಿನ್ಯೂವಲ್ ಮಾಡಿಸದೆ ಬಿಟ್ಟಿದ್ದೆ. ಅದನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾ ಇಲಾಖೆ. ಆ ಕಾಗದಗಳ ಕಥೆ ಬೇಡ ಬಿಡು, ಝೆರಾಕ್ಸ್ ಅಂಗಡಿಯವನಿಗೆ ನನ್ನಿಂದ ಒಳ್ಳೆ ವ್ಯಾಪಾರ. ಪರ್ಮಿಟ್ ಕೈಗೆ ಬರುವ ತನಕ ಪೇಟೆಯಲ್ಲಿ ಲೈಸೆನ್ಸ್ ಇರುವ ಒಬ್ಬ ಕಂಟ್ರಾಕ್ಟರ್ ಹತ್ತಿರ ಹೆಲ್ಪರ್ ಆಗಿದ್ದೇನೆ. ಈ ವಯಸ್ಸಿಗೆ ಹೆಲ್ಪರ್! ನಗಬೇಡ.

ಮೊದಲು ನನ್ನ ಬಾಯಿಯೇ ಹಳೆಯದಾಗಿತ್ತು. ಅಂಗಡಿಗೆ ಹೋಗಿ ಹಳೇ ಅಳತೆಯಲ್ಲೇ 3/22 ವೈರ್ ಕೊಡಿ ಅಂದೆ. ಹುಡುಗ ನನ್ನ ಮುಖ ನೋಡಿದ. ಈಗ ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಸ್ಕ್ವೇರ್ ಎಂಎಂ ಅಂತ ಕೇಳಬೇಕು. ನಾವು ಮರದ ಪಟ್ಟಿ ಮೇಲೆ ಕ್ಲಿಪ್ ಹೊಡೆದು ವೈರ್ ಎಳೆದವರು. ಫ್ಯೂಸ್ ಹೋದರೆ ತಂತಿ ಕಟ್ಟಿ ಮುಗಿಸುತ್ತಿದ್ದೆವು.

ಮೊದಲ ವಾರವೇ ಮರ್ಯಾದೆ ಹೋಯಿತು. ಕುಶಾಲನಗರದ ಕಡೆ ಒಂದು ಹೊಸ ಮನೆ. "ಅಕ್ಕ, ಅಡಿಗೆಮನೆ ಪ್ಲಗ್ಗಲ್ಲಿ ಅರ್ಥ್ ನೋಡಿ" ಅಂದ ಜೊತೆಯ ಹುಡುಗ. ಅವನಿಗೆ ನಿನ್ನ ವಯಸ್ಸು. ನಾನು ಚೀಲದಿಂದ ನನ್ನ ಹಳೇ ಟೆಸ್ಟ್ ಲ್ಯಾಂಪ್ ತೆಗೆದೆ. ಒಂದು ಹೋಲ್ಡರು, 100 ವ್ಯಾಟ್ ಬಲ್ಬು, ಎರಡು ವೈರು. ಒಂದನ್ನು ಫೇಸಿಗೆ ಕೊಡು, ಇನ್ನೊಂದನ್ನು ಅರ್ಥಿಗೆ ಮುಟ್ಟಿಸು, ಬಲ್ಬು ಜೋರಾಗಿ ಉರಿದರೆ ಅರ್ಥಿಂಗ್ ಸರಿ. ಹಾಗೆ ಕಲಿತಿದ್ದು, ಹಾಗೇ ಮುಟ್ಟಿಸಿದೆ. ಟಕ್! ಇಡೀ ಮನೆ ಕತ್ತಲು. ಒಳಗೆ ಟೈಲ್ಸ್ ಕತ್ತರಿಸುತ್ತಿದ್ದ ಮೆಷಿನ್ ನಿಂತಿತು. ಅಲ್ಲಿಂದಲೇ ಯಾರೋ ಬೈದರು.

ಏನೋ ಸುಟ್ಟುಹಾಕಿದೆ ಅಂತ ನನ್ನ ಕೈ ನಡುಗಿತು. ಹುಡುಗ ನಗುತ್ತಾ ಬೋರ್ಡಿನ ಹತ್ತಿರ ಕರೆದು ಆರ್‌ಸಿಸಿಬಿ ಅನ್ನುವ, ಶಾಕ್ ತಪ್ಪಿಸುವ ಸ್ವಿಚ್ಚು ತೋರಿಸಿದ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ಲೆಕ್ಕ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ಕಡಿಮೆ ಬಂದರೂ ಟ್ರಿಪ್. ನನ್ನ ಬಲ್ಬು 400ಕ್ಕಿಂತ ಜಾಸ್ತಿ ಮಿಲಿ ಆಂಪಿಯರನ್ನು ಮಣ್ಣಿಗೆ ಕಳಿಸಿತ್ತು. ಯಾರಿಗೋ ಶಾಕ್ ಹೊಡೆಯುತ್ತಿದೆ ಅಂತ ಅದು ತಿಳಿದುಕೊಂಡಿತು, ಅಷ್ಟೇ. ಮಾರನೇ ದಿನ ಊಟದ ಹೊತ್ತಲ್ಲಿ ಹುಡುಗನನ್ನು ಕೂರಿಸಿ ಮೊದಲಿಂದ ಹೇಳಿಸಿಕೊಂಡೆ. ನಿನ್ನ ಪಿಯುಸಿ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆದಿಟ್ಟಿದ್ದೇನೆ. ಟೆಸ್ಟ್ ಲ್ಯಾಂಪ್ ಅಟ್ಟ ಸೇರಿತು.

ಅರ್ಥ್ ಅಳೆಯಲು ಈಗ ಮೀಟರ್ ಇದೆ. ಅದರ ಬಗ್ಗೆ ನಾನೂ ಹುಡುಗನಿಗೆ ಒಂದು ಮಾತು ಹೇಳಿಕೊಟ್ಟೆ. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ನಮ್ಮ ಕಡೆ ಎಂಥ ಅರ್ಥಿಂಗೂ ಚೆನ್ನಾಗೇ ತೋರಿಸುತ್ತದೆ, ನೆಲವೆಲ್ಲ ನೀರು ಕುಡಿದಿರುತ್ತದಲ್ಲ. ಬೇಸಿಗೆಯಲ್ಲಿ ಕಾಫಿ ಅರಳಿಸುವ ಹೂ ಮಳೆಗೆ ಮೊದಲು, ಮಣ್ಣು ಒಣಗಿ ಬಿರುಕು ಬಿಟ್ಟಾಗ ಅಳೆ, ನಿಜ ಗೊತ್ತಾಗುತ್ತದೆ ಅಂದೆ.

ಕಳೆದ ವಾರ ಒಂದು ಹಳೇ ತೋಟದ ಮನೆಗೆ ಹೋಗಿದ್ದೆವು. ಪ್ಲಗ್ಗುಗಳಿಗೆ ಮಾತ್ರ ಆರ್‌ಸಿಸಿಬಿ ಹಾಕಿಸಿದ್ದಾರೆ. ಜಗಲಿ ಲೈಟ್ ಹಾಕಿದರೆ ಸಾಕು, ಟಕ್ ಅಂತ ಬೀಳುತ್ತದೆ. ಫ್ರಿಜ್ಜೂ ಹೋಯಿತು, ಲೈಟೂ ಹೋಯಿತು. ನಮಗಿಂತ ಮುಂಚೆ ಬಂದವರು ಆರ್‌ಸಿಸಿಬಿಯನ್ನೇ ಎರಡು ಸಲ ಬದಲಾಯಿಸಿದ್ದರಂತೆ. ಜಗಲಿಯಲ್ಲಿರುವುದು 9 ವ್ಯಾಟಿನ ಎಲ್‌ಇಡಿ, ಅದೇನು ಮಾಡೀತು ಅಂತ ನಮ್ಮ ಹುಡುಗನಿಗೂ ತಲೆ ಕೆಟ್ಟಿತು.

ನನಗೆ ಮಾತ್ರ ಒಂದು ಅನುಮಾನ ಬಂತು. ನಮ್ಮ ಕಾಲದಲ್ಲಿ ವೈರ್ ಉಳಿಸಲು ನ್ಯೂಟ್ರಲ್ಲನ್ನು ಹತ್ತಿರದ ಬಾಕ್ಸಿನಿಂದ ಎತ್ತಿಕೊಳ್ಳುತ್ತಿದ್ದೆವು. ಅದು ಪ್ಲಗ್ಗಿನದೋ ಲೈಟಿನದೋ ಅಂತ ಯಾರೂ ನೋಡುತ್ತಿರಲಿಲ್ಲ. ನಾನೇ ಎಷ್ಟು ಮನೆಯಲ್ಲಿ ಮಾಡಿದ್ದೇನೋ! ಮೇನ್ ಆಫ್ ಮಾಡಿಸಿ ಜಗಲಿಯ ಬಾಕ್ಸ್ ಬಿಚ್ಚಿದೆ. ಒಳಗೆ ಇರುವೆ ಗೂಡು, ಅದರ ಹಿಂದೆ ಗಟ್ಟಿಯಾಗಿ ಹೋದ ಕಪ್ಪು ಟೇಪಿನ ಜಾಯಿಂಟು. ಫೇಸ್ ಬಂದಿದ್ದು ಲೈಟಿನ ಲೈನಿಂದ, ನ್ಯೂಟ್ರಲ್ ಪ್ಲಗ್ಗಿನ ಲೈನಿಂದ. ಆರ್‌ಸಿಸಿಬಿ ಲೆಕ್ಕ ತಪ್ಪದೆ ಇನ್ನೇನಾಗುತ್ತದೆ? 9 ವ್ಯಾಟ್ ಅಂದರೂ 40 ಮಿಲಿ ಆಂಪಿಯರ್ ಹತ್ತಿರ. ಆ ಮನೆಗೆ ನಾನು ಹಿಂದೆ ಹೋದವಳಲ್ಲ, ಆದರೂ ಆ ಟೇಪ್ ಸುತ್ತಿದ ರೀತಿ ನೋಡಿ ನನ್ನದೇ ಕೈ ಅನ್ನಿಸಿ ಒಂದು ಗಳಿಗೆ ಹೆದರಿದೆ. ಲೈಟಿಗೆ ಅದರದೇ ನ್ಯೂಟ್ರಲ್ ಎಳೆದೆವು. ಮನೆಯಾಕೆ ಹತ್ತು ಸಲ ಸ್ವಿಚ್ ಹಾಕಿ ಆರಿಸಿ ನೋಡಿದರು. ಬರುವಾಗ ಒಂದು ಬಾಟಲ್ ಜೇನು ಕೊಟ್ಟರು, ನಿನಗೆ ಎತ್ತಿಟ್ಟಿದ್ದೇನೆ.

ಏಣಿ ವಿಷಯ ಕೇಳಿದ್ದೆಯಲ್ಲ. ನಾನು ಹತ್ತುವುದು ಕರೆಂಟ್ ಹರಿಯದ ಫೈಬರ್ ಏಣಿ. ನನಗಿಂತ ನಿನ್ನ ಅಪ್ಪನಿಗೆ ಹೇಳು. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ಸತ್ತವರ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ ನಾವು? ನಮ್ಮ ತೋಟದ ಮೇಲೂ ಲೈನ್ ಹೋಗಿದೆ. ಹಗುರ ಇದೆ ಅಂತ ಇವರು ಇನ್ನೂ ಅದನ್ನೇ ಹಿಡಿದುಕೊಂಡು ಓಡಾಡುತ್ತಾರೆ. ಬಿದಿರೇಣಿ ತರಿಸುವ ತನಕ ನಾನು ಬಿಡುವುದಿಲ್ಲ.

ಇನ್ನೊಂದು. ನಿನ್ನ ಬಾಡಿಗೆ ಮನೆಯ ಬೋರ್ಡಿನ ಬಾಗಿಲು ತೆಗೆದು ನೋಡು. ಒಂದು ಅಗಲವಾದ ಸ್ವಿಚ್ಚಿನ ಮೇಲೆ, ಅದೇ ಆರ್‌ಸಿಸಿಬಿ, ಟೆಸ್ಟ್ ಅಂತಲೋ ಟಿ ಅಂತಲೋ ಬರೆದ ಸಣ್ಣ ಬಟನ್ ಇರಬೇಕು. ಲ್ಯಾಪ್‌ಟಾಪಿನ ಕೆಲಸ ಸೇವ್ ಮಾಡಿಕೊಂಡು ಅದನ್ನು ಒತ್ತು. ಟಕ್ ಅಂತ ಬಿದ್ದರೆ ಸರಿ, ಎತ್ತಿಬಿಡು. ಬೀಳದಿದ್ದರೆ, ಇಲ್ಲ ಅಂಥ ಬಟನ್ನೇ ಇಲ್ಲದಿದ್ದರೆ, ಓನರ್‌ಗೆ ಹೇಳುವ ಮೊದಲು ನನಗೆ ಫೋನ್ ಮಾಡು. ಏನು ಕೇಳಬೇಕು ಅಂತ ಹೇಳಿಕೊಡುತ್ತೇನೆ.

ಕರೆಂಟ್ ಬಂತು. ದೋಸೆಗೆ ಅಕ್ಕಿ ನೆನೆಹಾಕಿದ್ದೆ, ಮತ್ತೆ ಹೋಗುವ ಮೊದಲು ರುಬ್ಬಿಕೊಳ್ಳುತ್ತೇನೆ.

ನಿನ್ನ
ಅಮ್ಮ