ಸಾಯದ ಲೋಕದಲ್ಲಿ ಸತ್ತ ಮುದುಕಿ

ಪ್ರೀತಿಯ ಗೆಳತಿ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಜೊತೆಗೆ ಕಳಿಸಿದ ಓದುಗರ ಮಾತುಗಳ ಕಟ್ಟನ್ನು ಎರಡು ಸಲ ಓದಿದೆ. ಆಮೇಲೆ ನಿನ್ನ ಸರಣಿಯ ಮೂರೂ ಭಾಗಗಳನ್ನು ಮತ್ತೆ ಮೊದಲಿಂದ ಓದಿದೆ. ಉತ್ತರ ತಡವಾಗಿದ್ದು ಅದಕ್ಕೇ.

ನೀನು ಕೇಳಿದ್ದು ಒಂದೇ ಪ್ರಶ್ನೆ. ದೋಣಿ ನಡೆಸುವ ಮುದುಕಿಯನ್ನು ನಾಲ್ಕನೇ ಭಾಗದಲ್ಲಿ ಬದುಕಿಸಬೇಕಾ, ಬೇಡವಾ? ಯಾರೂ ಸಾಯದ ಲೋಕವನ್ನು ನೀನೇ ಕಟ್ಟಿದೆ. ಅಲ್ಲಿ ಅವಳೊಬ್ಬಳು ಸತ್ತಳು. ಜನ ರೇಗಿದರು. ಈಗ ನಿನಗೆ ನಿದ್ದೆ ಬರುತ್ತಿಲ್ಲ. ನನ್ನ ಹತ್ತಿರ ಉತ್ತರ ಇದೆ, ಆದರೆ ಸ್ವಲ್ಪ ತಾಳು. ಆ ಕಟ್ಟನ್ನು ನೀನು ಬೈಗುಳದ ಕಟ್ಟು ಅಂದುಕೊಂಡಿದ್ದೀಯ. ನನಗೆ ಹಾಗೆ ಕಾಣಲಿಲ್ಲ.

ಮೊದಲು ಲೆಕ್ಕ ಹಾಕುವವರ ವಿಷಯ. ಇವರ ಮೇಲೆ ನಿನಗೆ ಸಿಟ್ಟು ಜಾಸ್ತಿ ಅನ್ನಿಸಿತು. ‘ಕಥೆ ಓದಿ ಅಂದರೆ ಗಣಿತ ಮಾಡುತ್ತಾರೆ’ ಅಂತ ಬರೆದಿದ್ದೀಯ. ಮಾಡಲಿ ಬಿಡು. ನಮ್ಮ ನಿಜವಾದ ಲೋಕದಲ್ಲಿ ವರ್ಷಕ್ಕೆ ಸುಮಾರು 6 ಕೋಟಿ ಜನ ಸಾಯುತ್ತಾರೆ. ಅಂದರೆ ದಿನಕ್ಕೆ 1.6 ಲಕ್ಷದಷ್ಟು. ಸಾವು ನಿಂತ ಮೊದಲ ದಿನವೇ ಅಷ್ಟು ಜನ ಕೊನೆಯುಸಿರಿನ ಹೊಸ್ತಿಲಲ್ಲಿ ನಿಂತುಬಿಡುತ್ತಾರೆ. ಒಳಗೂ ಹೋಗುವ ಹಾಗಿಲ್ಲ, ಹೊರಗೂ ಬರುವ ಹಾಗಿಲ್ಲ. ಮಾರನೆಯ ದಿನ ಇನ್ನಷ್ಟು ಜನ. ಅವರನ್ನು ಯಾವ ಮಂಚದ ಮೇಲೆ ಮಲಗಿಸುತ್ತೀಯ? ನಿನ್ನ ಎರಡನೇ ಭಾಗದಲ್ಲಿ ಒಂದೇ ಒಂದು ಆಸ್ಪತ್ರೆ ಇದೆ. ಅಲ್ಲಿ ಹಾಸಿಗೆ ಯಾವಾಗಲೂ ಖಾಲಿ ಇರುತ್ತದೆ. ಒಬ್ಬ ಓದುಗ ಅದನ್ನು ಹಿಡಿದಿದ್ದಾನೆ. ತಪ್ಪು ನಿನ್ನದೇ ಅಲ್ವಾ?

ಇನ್ನೊಬ್ಬರು ಆಸ್ತಿ ಯಾರಿಗೆ ಹೋಗುತ್ತದೆ ಅಂತ ಕೇಳಿದ್ದಾರೆ. ಇದೂ ಹಳೆಯ ಪ್ರಶ್ನೆಯೇ. 1726ರಲ್ಲಿ ಬಂದ ಗಲಿವರನ ಪ್ರವಾಸದಲ್ಲಿ ಸಾವೇ ಇಲ್ಲದ ಒಂದು ಜಾತಿಯ ಜನ ಬರುತ್ತಾರೆ. ಸಾವಿಲ್ಲ, ಆದರೆ ಮುಪ್ಪು ಇದೆ. 80 ತುಂಬಿತೋ, ಕಾನೂನಿನ ಲೆಕ್ಕದಲ್ಲಿ ಅವರು ಸತ್ತ ಹಾಗೆ. ಆಸ್ತಿ ಮಕ್ಕಳಿಗೆ. 200 ವರ್ಷ ದಾಟಿದರೆ ಸುತ್ತಲಿನವರ ಭಾಷೆಯೇ ಬದಲಾಗಿ, ಮಾತಾಡಲು ಯಾರೂ ಸಿಗುವುದಿಲ್ಲ. ಅದನ್ನು ಬರೆದ ಸ್ವಿಫ್ಟ್ ಇದಕ್ಕೆ ಖರ್ಚು ಮಾಡಿದ್ದು ಕೆಲವೇ ಪುಟ. ಆದರೆ ಓದುಗ ಕೇಳುವ ಮೊದಲೇ ಆಸ್ತಿಯ ವಿಷಯ ಮುಗಿಸಿಬಿಟ್ಟ.

ನನಗೆ ತುಂಬಾ ಇಷ್ಟವಾದದ್ದು ಬೆರಳಿನ ಪ್ರಶ್ನೆ. ನೀನು ಅದರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ‘ತರಲೆ’ ಅಂತ ಗೀಚಿದ್ದೀಯ. ತರಲೆ ಅಲ್ಲ ಅದು. ಸಾವು ನಿಂತಿದ್ದು ಮನುಷ್ಯರಿಗೆ ಮಾತ್ರವಾ, ಅವರ ಮೈಯೊಳಗಿನ ಜೀವಕೋಶಗಳಿಗೂ ನಿಂತಿತಾ ಅಂತ ಆ ವ್ಯಕ್ತಿ ಕೇಳಿದ್ದಾರೆ. ಗರ್ಭದಲ್ಲಿ ಮಗುವಿನ ಕೈಗೆ ಮೊದಲು ಬೆರಳು ಬಿಡಿಯಾಗಿ ಇರುವುದಿಲ್ಲ. ನಡುವೆ ಪೊರೆ ಇರುತ್ತದೆ. ಆ ಪೊರೆಯ ಕೋಶಗಳು ತಾವಾಗಿಯೇ ಸಾಯುತ್ತವೆ. ಆಗಲೇ ಬೆರಳು ಬಿಡಿಬಿಡಿಯಾಗುವುದು. ಅಂದರೆ ಹುಟ್ಟುವ ಮೊದಲೇ ನಮ್ಮೊಳಗೆ ಸಾವು ಕೆಲಸ ಶುರು ಮಾಡಿರುತ್ತದೆ. ಅದೂ ನಿಂತರೆ ನಿನ್ನ ಲೋಕದಲ್ಲಿ ಹುಟ್ಟುವ ಮಕ್ಕಳ ಕೈ ಹೇಗಿರುತ್ತದೆ?

ನಾನು ಆ ಸಾಲು ಓದಿ ಕಟ್ಟನ್ನು ಪಕ್ಕಕ್ಕಿಟ್ಟು ಸುಮ್ನೆ ಕೂತೆ. ಇದು ನನಗೆ ಹೊಳೆಯಬೇಕಿತ್ತು ಅಂತ ಹೊಟ್ಟೆಕಿಚ್ಚೂ ಆಯಿತು. ಇನ್ನೂ ಮುಂದೆ ಹೋಗಬಹುದು. ಸಾಯಬೇಕಾದ ಹೊತ್ತಿಗೆ ಸಾಯದೆ ಬೆಳೆಯುತ್ತಲೇ ಹೋಗುವ ಕೋಶಗಳ ರೋಗಕ್ಕೇ ನಾವು ಕ್ಯಾನ್ಸರ್ ಅನ್ನುವುದು. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಹೆಂಗಸಿನ ಗಡ್ಡೆಯಿಂದ ತೆಗೆದ ಕೋಶಗಳು ಇವತ್ತಿಗೂ ಲ್ಯಾಬುಗಳಲ್ಲಿ ಬೆಳೆಯುತ್ತಲೇ ಇವೆ. ಆಕೆ ಅದೇ ವರ್ಷ ತೀರಿಕೊಂಡರು. ಸಾಯದ ಕೋಶ, ಸತ್ತ ಮನುಷ್ಯಳು. ನಿನ್ನ ಸರಣಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಯಾರು ಕೊಡುತ್ತಾರೆ?

ಲೆಕ್ಕ ಹಾಕುವವರು ನಿನ್ನ ಲೋಕವನ್ನು ನಿಜ ಅಂತ ನಂಬಿದ್ದಾರೆ. ನಂಬದವರು ಲೆಕ್ಕ ಹಾಕುವುದಿಲ್ಲ. ಮಡಚಿಟ್ಟು ಹೋಗುತ್ತಾರೆ, ಅಷ್ಟೇ.

ಈಗ ಮುದುಕಿ ಬೇಕು ಅನ್ನುವವರು. ಇಲ್ಲಿ ಸ್ವಲ್ಪ ಜೋಪಾನ. ಅಭಿಮಾನಿಗಳ ಸಿಟ್ಟಿನ ಮಾತು ಬಂದರೆ ಎಲ್ಲರೂ ಸತ್ತು ಮತ್ತೆ ಬಂದ ಪತ್ತೇದಾರ ಷೆರ್ಲಾಕ್ ಹೋಮ್ಸ್‌ನ ಕಥೆ ತೆಗೆಯುತ್ತಾರೆ. ಅದನ್ನು ನೀನು ನೂರು ಸಲ ಕೇಳಿರುತ್ತೀಯ, ಬಿಡುತ್ತೇನೆ. ನಿನ್ನ ಕಥೆಗೆ ಹತ್ತಿರದ್ದು ಬ್ರಿಟನ್ನಿನ ಟಿವಿ ಸರಣಿ ಟಾರ್ಚ್‌ವುಡ್. 2009ರ ಜುಲೈಯಲ್ಲಿ ಬಿಬಿಸಿ ಅದರ ಒಂದು ಕಥೆಯನ್ನು ಸತತ ಐದು ರಾತ್ರಿ ತೋರಿಸಿತು. ನಾಲ್ಕನೇ ರಾತ್ರಿ ಯಾಂಟೊ ಜೋನ್ಸ್ ಎಂಬ ಪಾತ್ರ ಸತ್ತಿತು. ತಂಡಕ್ಕೆಲ್ಲ ಕಾಫಿ ಮಾಡಿಕೊಡುತ್ತಿದ್ದ ಹುಡುಗ. ಅಭಿಮಾನಿಗಳು ಬಿಬಿಸಿಗೆ ಕಾಫಿ ಪೊಟ್ಟಣ ಕಳಿಸಿ ಪ್ರತಿಭಟಿಸಿದರು. ಕಾರ್ಡಿಫ್ ಕೊಲ್ಲಿಯ ದಡದ ಒಂದು ಗೋಡೆಯ ತುಂಬ ಚೀಟಿ, ಹೂವು, ಫೋಟೋ ಅಂಟಿಸಿದರು. ಹುಟ್ಟೇ ಇಲ್ಲದ ಮನುಷ್ಯನಿಗೆ ಸ್ಮಾರಕ. ನಗಬೇಡ. ನನಗಂತೂ ನಗು ಬರಲಿಲ್ಲ.

2011ರಲ್ಲಿ ಅದೇ ಸರಣಿಯ ಮುಂದಿನ ಕಥೆ ಬಂತು. ಹೆಸರು ಮಿರಾಕಲ್ ಡೇ, 10 ಕಂತು. ಕಥೆ ಏನು ಗೊತ್ತಾ? ಒಂದು ದಿನ ಇದ್ದಕ್ಕಿದ್ದಂತೆ ಭೂಮಿಯ ಮೇಲೆ ಯಾರೂ ಸಾಯುವುದಿಲ್ಲ. ನೋವು ನಿಲ್ಲುವುದಿಲ್ಲ, ಗಾಯ ನಿಲ್ಲುವುದಿಲ್ಲ, ಮುಪ್ಪು ನಿಲ್ಲುವುದಿಲ್ಲ. ಸಾವು ಮಾತ್ರ ನಿಲ್ಲುತ್ತದೆ. ಅದುವರೆಗೆ ಸಾವೇ ಇಲ್ಲದಿದ್ದ ನಾಯಕ ಜ್ಯಾಕ್ ಮಾತ್ರ ಈಗ ಸಾಯಬಲ್ಲವನಾಗುತ್ತಾನೆ. ಸರ್ಕಾರಗಳು ಜನರನ್ನು ಮೂರು ದರ್ಜೆಯಾಗಿ ವಿಂಗಡಿಸುತ್ತವೆ. ಸಾಯಬೇಕಿದ್ದೂ ಸಾಯದವರನ್ನು ಒಲೆಗೆ ಹಾಕುತ್ತವೆ. ಆ ಭಾಗ ಬರೆದ ಕೈ ದೊಡ್ಡದು.

ಆದರೂ ಬಹಳ ಅಭಿಮಾನಿಗಳು ಗೊಣಗಿದರು. ಯೋಚನೆ ಚೆನ್ನಾಗಿದೆ, ಹತ್ತು ಕಂತಿಗೆ ಎಳೆದಿದ್ದು ಸರಿಯಿಲ್ಲ ಅಂದರು. ಕೊನೆಗೆ ಕಾರಣ ಅಂತ ತೋರಿಸಿದ್ದು ಶಾಂಘೈನಿಂದ ಬ್ಯೂನಸ್ ಐರಿಸ್‌ವರೆಗೆ ಭೂಮಿಯನ್ನೇ ತೂರಿ ಹೋದ ಒಂದು ಬಿರುಕು. ಅದು ಹಲವರಿಗೆ ಗಂಟಲಲ್ಲಿ ಇಳಿಯಲಿಲ್ಲ. ನನ್ನ ಅನುಮಾನ ಏನೆಂದರೆ, ಸಾವು ಯಾಕೆ ನಿಂತಿತು ಅನ್ನೋದು ಅವರಿಗೆ ನಿಜವಾಗಿ ಬೇಕಿರಲಿಲ್ಲ. ನಿಂತ ಮೇಲೆ ಮನೆಯೊಳಗೆ ಏನಾಯಿತು ಅನ್ನೋದು ಬೇಕಿತ್ತು. ನೀನೂ ಐದನೇ ಭಾಗದಲ್ಲಿ ದೊಡ್ಡ ಕಾರಣ ಇಡುವ ಯೋಚನೆಯಲ್ಲಿದ್ದೀಯ ಅಂತ ಬರೆದಿದ್ದೀಯ. ಅದನ್ನು ಇನ್ನೊಮ್ಮೆ ಯೋಚಿಸು.

ಇನ್ನು ಯಾಂಟೊ? ವಾಪಸ್ ಬರಲಿಲ್ಲ. ಕಾಫಿ ಕಳಿಸಿದವರ ಪಾಲಿಗೆ ಲೋಕದಲ್ಲಿ ಎಲ್ಲರ ಸಾವೂ ನಿಂತಿತು, ತಮ್ಮವನದ್ದೊಂದು ಬಿಟ್ಟು. ಬರೆದವರು ಬೇಕೆಂದೇ ಹಾಗೆ ಮಾಡಿದರೋ ಏನೋ. ಅಷ್ಟು ಕ್ರೂರವಾದ, ಅಷ್ಟು ಸರಿಯಾದ ಹೊಂದಿಕೆ ನಾನು ಬೇರೆಲ್ಲೂ ನೋಡಿಲ್ಲ.

ನನಗೆ ಆ ಗಟ್ಟಿತನ ಇರಲಿಲ್ಲ. ಈ ವಿಷಯ ನಿನಗೆ ಹೇಳಿರಲಿಲ್ಲ, ಹೇಳುವಂಥದ್ದೂ ಅಲ್ಲ. ನಿನ್ನ ವಯಸ್ಸಿನಲ್ಲಿ ನಾನೊಂದು ಧಾರಾವಾಹಿ ಬರೆಯುತ್ತಿದ್ದೆ. ಹದಿನಾಲ್ಕನೇ ಕಂತಿನಲ್ಲಿ ಡಾಕ್ಟರ ಪಾತ್ರ ಪ್ರವಾಹದಲ್ಲಿ ಕೊಚ್ಚಿಕೊಂಡು ಹೋಯಿತು. ಕಾಗದಗಳು ಬಂದವು. ಪತ್ರಿಕೆಯವರು ಕರೆದು, ಹೇಗಾದರೂ ಮಾಡಿ ಅವರನ್ನು ತನ್ನಿ ಅಂದರು. ನಾನು ಹೆದರಿದೆ. ಹೊಗಳಿಕೆಯ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಹತ್ತೊಂಬತ್ತನೇ ಕಂತಿನಲ್ಲಿ ಡಾಕ್ಟರು ಒಂದು ಮರದ ದಿಮ್ಮಿ ಹಿಡಿದು ಬದುಕಿದ್ದರು ಅಂತ ಬರೆದೆ. ಒಂದು ವಾರ ಎಲ್ಲರಿಗೂ ಖುಷಿ. ಮುಂದಿನ ವಾರದಿಂದ ಕಾಗದ ಕಡಿಮೆಯಾದವು. ಆ ಡಾಕ್ಟರಿಗೆ ಇನ್ನು ಏನಾದರೂ ಯಾರೂ ಹೆದರುವಂತಿರಲಿಲ್ಲ. ದಿಮ್ಮಿ ಇದ್ದೇ ಇದೆಯಲ್ಲ.

ಕೊನೆಗೆ ಒಂದು ಕಾರ್ಡು ಬಂತು. ಬರೆದಾಕೆಯ ತಮ್ಮ ನಿಜವಾಗಿಯೂ ನೀರಿನಲ್ಲಿ ಹೋಗಿದ್ದ. ಡಾಕ್ಟರು ಸತ್ತ ಕಂತನ್ನು ಆಕೆ ಕತ್ತರಿಸಿ ಇಟ್ಟುಕೊಂಡಿದ್ದರಂತೆ. ಅವರು ವಾಪಸ್ ಬಂದ ದಿನ ಅದನ್ನು ಹರಿದು ಹಾಕಿದರಂತೆ. ಬೈದಿರಲಿಲ್ಲ. ನಾಲ್ಕೇ ಸಾಲು. ಆ ಕಾರ್ಡು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ನಿನ್ನ ಕಟ್ಟಿನಲ್ಲಿಯೂ ಅಂಥ ಮೂರು ನಾಲ್ಕು ಇವೆ. ನೀನು ಅವಕ್ಕೆ ಗುರುತೇ ಹಾಕಿಲ್ಲ. ಒಬ್ಬರು ನಿನ್ನ ಕಥೆಯ ಬಗ್ಗೆ ಒಂದೇ ಸಾಲು ಬರೆದು, ಉಳಿದಿದ್ದೆಲ್ಲ ತಮ್ಮ ತಂದೆಯ ಕೊನೆಯ ತಿಂಗಳ ಬಗ್ಗೆ ಬರೆದಿದ್ದಾರೆ. ಇನ್ನೊಬ್ಬರು, ಸಾವು ನಿಂತ ದಿನ ನಿಮ್ಮ ಕಥೆಯಲ್ಲಿ ಯಾವ ವಾರ ಅಂತ ಮಾತ್ರ ಕೇಳಿದ್ದಾರೆ. ಯಾಕೆ ಕೇಳಿದರು ಅಂತ ಯೋಚಿಸಿದೆಯಾ? ಅವರ ಮನೆಯಲ್ಲಿ ಯಾರೋ ಅದರ ಹಿಂದಿನ ದಿನ ಹೋಗಿರಬೇಕು. ಒಂದು ದಿನ ತಡೆದಿದ್ದರೆ, ಅನ್ನುವ ಲೆಕ್ಕ ಅದು.

ಸಾವಿಲ್ಲದ ಲೋಕದ ಕಥೆ ಕೇಳುವವರು ಹೆಚ್ಚಾಗಿ ಯಾರನ್ನೋ ಕಳೆದುಕೊಂಡವರೇ. ಮಹಾಭಾರತಕ್ಕೆ ಇದು ಗೊತ್ತಿತ್ತು. ಶಾಂತಿಪರ್ವದಲ್ಲಿ ಒಂದು ಕಥೆ ಇದೆ. ಬ್ರಹ್ಮ ಜೀವಿಗಳನ್ನು ಸೃಷ್ಟಿಸಿದ, ಸಾವನ್ನು ಸೃಷ್ಟಿಸಿರಲಿಲ್ಲ. ಉಸಿರಾಡಲು ಜಾಗ ಇಲ್ಲದಷ್ಟು ಜೀವಿಗಳು ತುಂಬಿದವು. ಕೊನೆಗೆ ಮೃತ್ಯು ಅನ್ನುವ ಹೆಣ್ಣು ಹುಟ್ಟಿದಳು. ಕೊಲ್ಲು ಅಂದರೆ ಅವಳು ಒಪ್ಪಲಿಲ್ಲ, ಅತ್ತಳು. ಅವಳ ಕಣ್ಣೀರನ್ನು ಬ್ರಹ್ಮ ಕೈಯಲ್ಲಿ ಹಿಡಿದುಕೊಂಡ. ಆ ಹನಿಗಳೇ ಆಮೇಲೆ ರೋಗಗಳಾದವು.

ಈ ಕಥೆಯನ್ನು ನಾರದ ಮೊದಲು ಹೇಳಿದ್ದು ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಒಬ್ಬ ರಾಜನಿಗೆ. ಅದನ್ನೇ ಭೀಷ್ಮ ಧರ್ಮರಾಯನಿಗೆ ಹೇಳುತ್ತಾನೆ, ರಣರಂಗದಲ್ಲಿ ಎಲ್ಲರೂ ಸತ್ತು ಬಿದ್ದ ಮೇಲೆ. ಹೇಳುತ್ತಿರುವ ಭೀಷ್ಮನೇ ಬಾಣದ ಹಾಸಿಗೆ ಮೇಲೆ ಮಲಗಿದ್ದಾನೆ. ಬೇಕೆಂದಾಗ ಮಾತ್ರ ಸಾಯುವ ವರ ಇರುವವನು. ಕೇಳುವವನು ಯಾರು, ಹೇಳುವವನು ಯಾರು, ನೋಡು. ಆ ಜೋಡಣೆ ಮಾಡಿದವರಿಗೆ ಓದುಗ ಯಾರು ಅನ್ನುವುದು ಚೆನ್ನಾಗಿ ಗೊತ್ತಿತ್ತು.

ಸರಿ, ಮುದುಕಿ. ಬದುಕಿಸಬೇಡ.

ಆದರೆ ಜನ ರೇಗಿದ್ದು ತಪ್ಪಲ್ಲ. ಮುದುಕಿ ಸತ್ತಳು ಅಂತ ಅವರು ರೇಗಿದ್ದಲ್ಲ, ರೇಗಿದ್ದು ನೀನು ನಿಯಮ ಮುರಿದೆ ಅಂತ. ಅವರಿಗೇ ಅದು ಸರಿಯಾಗಿ ಗೊತ್ತಿಲ್ಲ, ಅದಕ್ಕೇ ‘ವಾಪಸ್ ಕೊಡಿ’ ಅನ್ನುತ್ತಿದ್ದಾರೆ. ಮೂರನೇ ಭಾಗದ ಮಧ್ಯದಲ್ಲಿ ನಿನ್ನ ಕಥೆ ಕೆಸರಲ್ಲಿ ಸಿಕ್ಕಿಕೊಂಡಿತ್ತು. ಮುದುಕಿಯನ್ನು ಕೊಂದು ನೀನು ದೋಣಿಯನ್ನು ಮುಂದೆ ತಳ್ಳಿದೆ. ನಾನು ಹೇಳಬೇಕಿಲ್ಲ, ನಿನಗೇ ಗೊತ್ತು. ‘ಇಲ್ಲಿ ಯಾರೂ ಸಾಯುವುದಿಲ್ಲ’ ಅನ್ನುವ ನಿನ್ನ ಮಾತನ್ನು ನಿನಗಿಂತ ಜಾಸ್ತಿ ಅವರು ನಂಬಿದ್ದರು.

ಹಾಗಾಗಿ ನೀನು ಅವರಿಗೆ ಮುದುಕಿಯನ್ನು ಕೊಡಬೇಕಿಲ್ಲ, ಕಾರಣ ಕೊಡಬೇಕು. ಅದು ಈಗಾಗಲೇ ನಿನ್ನ ಪುಸ್ತಕದಲ್ಲೇ ಇದೆ. ಮೊದಲ ಭಾಗದಲ್ಲಿ, ಸಾವು ನಿಂತ ಬೆಳಿಗ್ಗೆ, ತಲೆ ಎಣಿಸಲು ಬಂದವನು ಎರಡೂ ದಡದ ಮನೆಗಳಿಗೆ ಹೋಗುತ್ತಾನೆ. ಮುದುಕಿ ಆಗ ಹೊಳೆಯ ನಡುವೆ ದೋಣಿಯಲ್ಲಿದ್ದಳು. ಅವಳನ್ನು ಯಾರೂ ಎಣಿಸಲಿಲ್ಲ. ನೀನು ಅದನ್ನು ಬರೆದು ಮರೆತಿದ್ದೀಯ. ಕಟ್ಟಿನ ಕೊನೆಯ ಹಾಳೆಯಲ್ಲಿ ಒಬ್ಬ ಓದುಗಳು ಅದನ್ನು ನೆನಪಿಸಿದ್ದಾಳೆ, ನೋಡು.

ಓದುಗರು ಕಂಡುಹಿಡಿದದ್ದನ್ನು ತೆಗೆದುಕೊಳ್ಳಬಹುದಾ ಅಂತ ಕೇಳುತ್ತೀಯ, ಗೊತ್ತು. ಅದರಿಂದ ನಿನ್ನ ಕೆಲಸ ಸುಲಭವಾದರೆ ಬೇಡ. ಕಷ್ಟವಾದರೆ ತೆಗೆದುಕೋ. ಇದು ಕಷ್ಟ ಮಾಡುತ್ತದೆ. ಎಣಿಕೆಗೆ ಸಿಕ್ಕವರು ಮಾತ್ರ ಸಾಯುವುದಿಲ್ಲ ಅಂದರೆ, ಆ ದಿನ ಎಣಿಕೆಗೆ ಸಿಗದವರು ಇನ್ನೂ ಎಷ್ಟು ಜನ? ಅವರು ಯಾರು? ಆಮೇಲೆ ಹುಟ್ಟಿದ ಮಕ್ಕಳನ್ನು ಯಾರು ಎಣಿಸಿದರು? ನಾಲ್ಕನೇ ಭಾಗ ಪೂರ್ತಿ ಮತ್ತೆ ಬರೆಯಬೇಕಾಗಬಹುದು. ನಿನಗೆ ಈಗಲೇ ಸುಸ್ತಾಗಿರುತ್ತದೆ ಅಂತ ಗೊತ್ತು.

ಮುದುಕಿಯ ಹುಟ್ಟುಗೋಲು ಎಲ್ಲಿ ಹೋಯಿತು ಅಂತ ನೀನು ಬರೆದಿಲ್ಲ. ಅದನ್ನು ಯಾರಾದರೂ ಎತ್ತಿಕೊಂಡಿರಬೇಕು.

ಆ ಬೆರಳಿನ ಪ್ರಶ್ನೆ ಕೇಳಿದವರಿಗೆ ಉತ್ತರ ಬರೆದಿದ್ದೀಯಾ? ಇಲ್ಲದಿದ್ದರೆ ನಾಳೆಯೇ ಬರೆ. ಪೆನ್ಸಿಲ್ಲಿನ ಆ ಗೀಚನ್ನು ಮೊದಲು ಅಳಿಸು.

ನಿನ್ನ ಹಳೆಯ ಗೆಳೆಯ