ಮಗಳಿಗೊಂದು ಪತ್ರ: ಒಂದೂ ಸೋಲದ ಆ ವರ್ಷ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. 1972ರ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಮಯಾಮಿ ಡಾಲ್ಫಿನ್ಸ್ ಬಗ್ಗೆ ನಿನ್ನ ಬಾಸ್ಟನ್ ಸ್ನೇಹಿತರು "ಅದೇನು ಮಹಾ, ಎದುರಿಗೆ ಬಂದವರೆಲ್ಲ ಡಮ್ಮಿ ಟೀಮುಗಳು" ಅಂದರಂತೆ. ಅವರ ಪ್ಯಾಟ್ರಿಯಟ್ಸ್ 2007ರಲ್ಲಿ ಲೀಗಿನ ಹದಿನಾರಕ್ಕೆ ಹದಿನಾರೂ ಗೆದ್ದಿತ್ತು ಅಂದರಂತೆ. ಗೆದ್ದಿತ್ತು, ಇಲ್ಲ ಅನ್ನೋದಿಲ್ಲ. ಆಮೇಲೆ ಇನ್ನೆರಡು ನಾಕೌಟ್ ಪಂದ್ಯ ಗೆದ್ದು, ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಜೈಂಟ್ಸ್ ಎದುರು 17-14ಕ್ಕೆ ಸೋತಿತು. ಲೀಗ್, ನಾಕೌಟ್, ಸೂಪರ್ ಬೌಲ್ ಮೂರೂ ಸೇರಿಸಿ ಒಂದೂ ಸೋಲದ ತಂಡ ಅಂದರೆ ನಮ್ಮ ಮಯಾಮಿ ಒಂದೇ. ಹದಿನೇಳಕ್ಕೆ ಹದಿನೇಳು.

ಅವರು ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ. ಆ ವರ್ಷ ಲೀಗಿನಲ್ಲಿ ಮಯಾಮಿ ಆಡಿದ ತಂಡಗಳಲ್ಲಿ ಸೋಲಿಗಿಂತ ಗೆಲುವು ಜಾಸ್ತಿ ಇದ್ದದ್ದು ಕಾನ್ಸಾಸ್ ಸಿಟಿ ಮತ್ತು ನ್ಯೂಯಾರ್ಕ್ ಜೈಂಟ್ಸ್‌ಗೆ ಮಾತ್ರ, ಎರಡಕ್ಕೂ ಎಂಟು ಗೆಲುವು, ಆರು ಸೋಲು. ಆದರೆ ಯಾರ ಜೊತೆ ಆಡಬೇಕು ಅಂತ ತಂಡ ಆರಿಸಿಕೊಳ್ಳೋದಿಲ್ಲ ಅಲ್ವಾ? ಸುಲಭವಾಗಿ ಗೆದ್ದರು ಅನ್ನೋದಂತೂ ಸುಳ್ಳು. ಮಿನೆಸೋಟದಲ್ಲಿ 14-6ರಿಂದ ಹಿಂದಿದ್ದರು. ಗಾರೋ ಯೆಪ್ರೀಮಿಯನ್ 51 ಯಾರ್ಡ್ ದೂರದಿಂದ ಚೆಂಡನ್ನು ಕಂಬಗಳ ಮಧ್ಯೆ ಒದ್ದ, ಅದಕ್ಕೆ ಫೀಲ್ಡ್ ಗೋಲ್ ಅಂತಾರೆ, ಮೂರು ಪಾಯಿಂಟು. ಆಮೇಲೆ ಕೊನೆಯ ಎರಡು ನಿಮಿಷದೊಳಗೆ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ, ಅಂದರೆ ಟಚ್‌ಡೌನ್ ಹೊಡೆದು 16-14ಕ್ಕೆ ಗೆದ್ದರು. ಬಫಲೋ ಎದುರು ಗೆದ್ದದ್ದು ಒಂದೇ ಒಂದು ಪಾಯಿಂಟಿನಲ್ಲಿ, 24-23.

ಆದರೆ ನಾನು ಹೇಳಬೇಕು ಅಂತಿರೋದು ಅರ್ಲ್ ಮೊರಾಲ್ ಕಥೆ. ನಿನ್ನ ಸ್ನೇಹಿತರಿಗೆ ಈ ಹೆಸರು ಗೊತ್ತಾ ಕೇಳು.

ಅಕ್ಟೋಬರ್ 15, 1972. ಐದನೇ ಪಂದ್ಯ, ಆರೆಂಜ್ ಬೌಲ್ ಮೈದಾನ, ಎದುರಿಗೆ ಸ್ಯಾನ್ ಡಿಯಾಗೊ. ಮಯಾಮಿಯ ಕ್ವಾರ್ಟರ್‌ಬ್ಯಾಕ್ ಬಾಬ್ ಗ್ರೀಸಿ ಚೆಂಡು ಎಸೆಯುವಾಗ ಇಬ್ಬರು ದೈತ್ಯರು ಬಂದು ಮೇಲೆ ಬಿದ್ದರು. ಬಲಗಾಲಿನ ಮೂಳೆ ಮುರಿಯಿತು, ಪಾದದ ಕೀಲು ತಪ್ಪಿತು. ನೀನು ಈ ಆಟ ನೋಡುವವಳಲ್ಲ, ಅದಕ್ಕೇ ಹೇಳ್ತೀನಿ: ಕ್ವಾರ್ಟರ್‌ಬ್ಯಾಕ್ ಇಲ್ಲದಿದ್ದರೆ ತಂಡಕ್ಕೆ ತಲೆಯೇ ಇಲ್ಲ. ಪ್ರತಿ ಸಲ ಚೆಂಡು ಮೊದಲು ಅವನ ಕೈಗೇ ಬರಬೇಕು, ಎಸೆಯೋದಾ, ಓಡುವವನ ಕೈಗೆ ಕೊಡೋದಾ ಅಂತ ಕ್ಷಣದಲ್ಲಿ ತೀರ್ಮಾನ ಮಾಡಬೇಕಾದವನು ಅವನೇ.

ಬೆಂಚಿನಿಂದ ಎದ್ದು ಬಂದವನು ಮೊರಾಲ್. ವಯಸ್ಸು 38. ಆ ವರ್ಷವೇ ಬಾಲ್ಟಿಮೋರ್ ಕೋಲ್ಟ್ಸ್ ಅವನನ್ನು ಕೈಬಿಟ್ಟಿತ್ತು. ಮಯಾಮಿ ಅವನನ್ನು ತಗೊಂಡದ್ದು ಬರೀ 100 ಡಾಲರಿಗೆ. ತಗೊಂಡವನು ಕೋಚ್ ಡಾನ್ ಷೂಲಾ, ಮೊದಲು ಬಾಲ್ಟಿಮೋರ್‌ನಲ್ಲೇ ಕೋಚ್ ಆಗಿದ್ದವನು. ಇಬ್ಬರಿಗೂ ಹಳೇ ಪರಿಚಯ, ಹಳೇ ನೋವು ಕೂಡ. 1968ರಲ್ಲಿ ಬಾಲ್ಟಿಮೋರ್‌ನ ದೊಡ್ಡ ಹೆಸರು ಜಾನಿ ಯೂನಿಟಾಸ್ ಗಾಯಗೊಂಡಾಗ ಇದೇ ಮೊರಾಲ್ ಬಂದು ತಂಡವನ್ನು ಸೂಪರ್ ಬೌಲ್‌ವರೆಗೆ ಒಯ್ದ, ಲೀಗಿನ ಶ್ರೇಷ್ಠ ಆಟಗಾರ ಅನಿಸಿಕೊಂಡ. ಸೂಪರ್ ಬೌಲ್ ದಿನ ಮಾತ್ರ ಅವನ ಕೈ ಹತ್ತಲಿಲ್ಲ. ಷೂಲಾ ಅರ್ಧದಲ್ಲೇ ಅವನನ್ನು ಕೂರಿಸಿ ಯೂನಿಟಾಸ್‌ನನ್ನು ಇಳಿಸಿದ. ನ್ಯೂಯಾರ್ಕ್ ಜೆಟ್ಸ್ 16-7ಕ್ಕೆ ಗೆದ್ದಿತು. ಆ ಸೋಲು ಇಬ್ಬರನ್ನೂ ವರ್ಷಗಟ್ಟಲೆ ಬಿಡಲಿಲ್ಲ.

ಈಗ ಮಯಾಮಿಯಲ್ಲಿ ಮತ್ತೆ ಅದೇ ಷೂಲಾ, ಅದೇ ಮೊರಾಲ್. ಉಳಿದ ಒಂಬತ್ತು ಲೀಗ್ ಪಂದ್ಯಕ್ಕೂ ಮೊರಾಲ್ ಇಳಿದ, ಒಂಬತ್ತನ್ನೂ ಗೆದ್ದರು. ಕೈಬಿಟ್ಟ ಬಾಲ್ಟಿಮೋರ್ ಆ ಒಂಬತ್ತರಲ್ಲಿ ಎರಡು ಸಲ ಎದುರಾಯಿತು: 23-0, 16-0. ಎರಡು ಪಂದ್ಯ ಸೇರಿ ಅವರಿಗೆ ಒಂದು ಪಾಯಿಂಟೂ ಸಿಗಲಿಲ್ಲ. ಜೆಟ್ಸ್ ಎದುರು ಈ 38ರ ಮನುಷ್ಯ ಚೆಂಡು ಹಿಡಿದು ತಾನೇ 31 ಯಾರ್ಡ್ ಓಡಿ ಟಚ್‌ಡೌನ್ ಹೊಡೆದ. ಇದನ್ನು ಓದಿದಾಗೆಲ್ಲ ನನಗೆ ಮೈ ಜುಮ್ ಅನ್ನುತ್ತೆ.

ನಮ್ಮ ಪಕ್ಕದ ಮನೆ ಅಜ್ಜ ನೆನಪಿದ್ದಾರಾ? ನನಗೆ ಈ ಆಟದ ಹುಚ್ಚು ಹಿಡಿಸಿದ್ದೇ ಅವರು. ಆಗ ತವರಿನ ಪಂದ್ಯವನ್ನು ಊರಿನ ಟಿವಿಯಲ್ಲಿ ತೋರಿಸುತ್ತಿರಲಿಲ್ಲವಂತೆ, ಟಿಕೆಟ್ ಪೂರ್ತಿ ಖರ್ಚಾಗಿದ್ದರೂ ಸುತ್ತ 75 ಮೈಲಿ ಪ್ರಸಾರ ಬಂದ್. ಜನ ಕಾರು ಹತ್ತಿ ಅಷ್ಟು ದೂರ ಹೋಗಿ, ಮೋಟೆಲ್‌ನಲ್ಲಿ ರೂಮು ಹಿಡಿದು ಪಂದ್ಯ ನೋಡಿ ವಾಪಸ್ ಬರುತ್ತಿದ್ದರಂತೆ. ಅಜ್ಜನೂ ಹೋಗಿದ್ದವರೇ. ಗ್ರೀಸಿ ಹೆಸರು ಎಲ್ಲರೂ ಹೇಳ್ತಾರೆ, ನೀನು ಮೊರಾಲ್ ಹೆಸರು ಮರೀಬೇಡ ಅಂತ ನನಗೆ ಹೇಳಿದವರೂ ಅವರೇ.

ನಾಕೌಟ್‌ನಲ್ಲಿ ಮೊದಲು ಕ್ಲೀವ್‌ಲ್ಯಾಂಡ್. ಕೊನೆಯ ಹೊತ್ತಿನಲ್ಲಿ 14-13ರಿಂದ ಹಿಂದಿದ್ದು, ಹೇಗೋ 20-14 ಮಾಡಿಕೊಂಡರು. ಆಮೇಲೆ ಡಿಸೆಂಬರ್ 31ಕ್ಕೆ ಪಿಟ್ಸ್‌ಬರ್ಗ್. ಒಂದೂ ಸೋಲದ ತಂಡ ಇನ್ನೊಬ್ಬರ ಊರಿಗೆ ಹೋಗಿ ಆಡಬೇಕಾಯಿತು ನೋಡು, ಯಾಕೆಂದರೆ ಆಗ ತವರು ಮೈದಾನ ಸರದಿ ಪ್ರಕಾರ ಸಿಗುತ್ತಿತ್ತು. ಅಲ್ಲಿ ಮೊದಲು ಪಿಟ್ಸ್‌ಬರ್ಗ್ ಮುಂದಿತ್ತು. ಚೆಂಡನ್ನು ದೂರ ಒದ್ದು ಬಿಟ್ಟುಕೊಡಬೇಕಾದ ಮಯಾಮಿಯ ಲ್ಯಾರಿ ಸೈಪಲ್, ಎದುರಾಳಿಗಳು ಬೆನ್ನು ತಿರುಗಿಸಿ ಹಿಂದಕ್ಕೆ ಓಡುತ್ತಿರೋದು ಕಂಡು, ಯಾರನ್ನೂ ಕೇಳದೆ ಚೆಂಡು ಹಿಡಿದು 37 ಯಾರ್ಡ್ ಓಡಿಬಿಟ್ಟ. ಅದರ ಹಿಂದೆಯೇ ಮೊರಾಲ್ ಟಚ್‌ಡೌನಿಗೆ ಎಸೆದ. ಅರ್ಧ ಆಟಕ್ಕೆ 7-7.

ಅಷ್ಟರಲ್ಲಿ ಗ್ರೀಸಿ ಕಾಲು ವಾಸಿಯಾಗಿತ್ತು. ಷೂಲಾ ಮೊರಾಲ್‌ನನ್ನು ಕೂರಿಸಿ ಗ್ರೀಸಿಯನ್ನು ಇಳಿಸಿದ. ನಾಲ್ಕು ವರ್ಷದ ಹಿಂದೆ ಮಾಡಿದ್ದನ್ನೇ ಮತ್ತೆ ಮಾಡಿದ, ಅದೂ ಹತ್ತು ಪಂದ್ಯ ಗೆಲ್ಲಿಸಿಕೊಟ್ಟವನಿಗೆ. ಗ್ರೀಸಿ ಬಂದು ಪಾಲ್ ವಾರ್‌ಫೀಲ್ಡ್‌ಗೆ 52 ಯಾರ್ಡಿನ ಎಸೆತ ಹಾಕಿದ, 21-17ಕ್ಕೆ ಗೆದ್ದರು. ಹಾಗಾಗಿ ಷೂಲಾ ಮಾಡಿದ್ದೇ ಸರಿ ಅನ್ನೋಣ. ಮೊರಾಲ್ ಮುಖ ಊದಿಸಿಕೊಂಡು ಕೂರಲಿಲ್ಲ, ತಂಡವನ್ನು ಒಡೆಯಲಿಲ್ಲ. ಆ ಹದಿನೇಳು ಗೆಲುವು ಉಳಿದಿದ್ದು ಅದರಿಂದಲೂ ಹೌದು ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಜನವರಿ 14, 1973ರ ಸೂಪರ್ ಬೌಲ್ ನಡೆದದ್ದು ಲಾಸ್ ಏಂಜಲೀಸ್‌ನಲ್ಲಿ, ವಾಷಿಂಗ್ಟನ್ ಎದುರು. 14-0 ಮುಂದಿದ್ದಾಗ ಕೊನೆಗಳಿಗೆಯಲ್ಲಿ ಫೀಲ್ಡ್ ಗೋಲ್ ಒದೆಯಲು ಹೊರಟರು. ಆಗಿದ್ದರೆ 17-0, ಹದಿನೇಳು ಗೆಲುವಿನ ವರ್ಷಕ್ಕೆ ಸರಿಹೊಂದುವ ಲೆಕ್ಕ! ನೆಲದ ಮೇಲೆ ಮಂಡಿಯೂರಿ ಚೆಂಡು ಹಿಡಿದು ನಿಲ್ಲಿಸಿದವನು ಮೊರಾಲ್, ಆ ದಿನ ಅವನಿಗಿದ್ದ ಕೆಲಸ ಅಷ್ಟೇ. ಯೆಪ್ರೀಮಿಯನ್ ಒದ್ದ ಚೆಂಡು ತಡೆದವನ ಕೈಗೆ ಬಡಿದು ವಾಪಸ್ ಬಂತು. ಯೆಪ್ರೀಮಿಯನ್ನೇ ಅದನ್ನು ಎತ್ತಿಕೊಂಡು ಎಸೆಯಲು ಹೋದ, ಕೈಯಿಂದ ಜಾರಿತು, ವಾಷಿಂಗ್ಟನ್‌ನ ಮೈಕ್ ಬ್ಯಾಸ್ ಹಿಡಿದು 49 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. 14-7, ಉಳಿದದ್ದು ಎರಡು ನಿಮಿಷ. ಆ ಎರಡು ನಿಮಿಷ ಕಾಪಾಡಿದ್ದು ರಕ್ಷಣಾ ಪಡೆ. ಅವರ ಹೆಸರೇ ಯಾರಿಗೂ ಗೊತ್ತಿಲ್ಲ ಅಂತ ಜನ ಹೇಳುತ್ತಿದ್ದ ಪಡೆ ಅದು. ಅದರ ನಾಯಕ ನಿಕ್ ಬುವೊನಿಕಾಂಟಿ.

ಈಗ ನಿನ್ನ ಇನ್ನೊಂದು ಪ್ರಶ್ನೆ. "ಮನುಷ್ಯರ ಮಿದುಳು ಹಾಳು ಮಾಡೋ ಆಟ ನಿನಗೆ ಹೇಗಮ್ಮಾ ಇಷ್ಟ?" ಮಿದುಳಿನ ವಿಷಯವನ್ನೇ ಓದುತ್ತಿರುವವಳು ನೀನು, ಕೇಳೋದು ನ್ಯಾಯ. ಬುವೊನಿಕಾಂಟಿಗೆ ಕೊನೆಗಾಲದಲ್ಲಿ ಮರೆವು ಬಂತು. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧನೆಗೆ ತನ್ನ ಮಿದುಳನ್ನು ಕೊಡ್ತೀನಿ ಅಂತ 2017ರಲ್ಲಿ ತಾನೇ ಹೇಳಿದ, 2019ರಲ್ಲಿ ತೀರಿಕೊಂಡ. ಮೊರಾಲ್ 2014ರಲ್ಲಿ ಹೋದ. ಅವನ ಮಿದುಳಿನಲ್ಲಿ, ತಲೆಗೆ ಪದೇ ಪದೇ ಪೆಟ್ಟು ಬಿದ್ದು ಬರುವ ಸಿಟಿಇ ಕಾಯಿಲೆ ನಾಲ್ಕನೇ ಹಂತದಲ್ಲಿತ್ತು, ಅದಕ್ಕಿಂತ ಮೇಲಿನ ಹಂತವೇ ಇಲ್ಲ ಅಂತ ನಿನಗೆ ಗೊತ್ತು. ಬುವೊನಿಕಾಂಟಿಯ ಮಗ ಮಾರ್ಕ್ 1985ರಲ್ಲಿ ಕಾಲೇಜು ಪಂದ್ಯದಲ್ಲಿ ಕುತ್ತಿಗೆಗೆ ಪೆಟ್ಟು ಬಿದ್ದು ಕೈಕಾಲಿನ ಸ್ವಾಧೀನ ಕಳಕೊಂಡ. ಅಪ್ಪ ಅವತ್ತಿನಿಂದ ಬೆನ್ನುಹುರಿ ಗಾಯದ ಸಂಶೋಧನೆಗೆ ದುಡ್ಡು ಕೂಡಿಸುತ್ತಾ ಓಡಾಡಿದ, ಇಲ್ಲೇ ಮಯಾಮಿಯಲ್ಲಿ ಅದಕ್ಕೊಂದು ಕೇಂದ್ರವೇ ಎದ್ದು ನಿಂತಿತು.

ಇದನ್ನೆಲ್ಲ ತಿಳಿದೂ ಹೇಗೆ ನೋಡ್ತೀನಿ ಅಂದರೆ, ಮೊದಲಿನ ಹಾಗೆ ನೋಡೋಕೆ ಆಗಲ್ಲ ಪುಟ್ಟಿ. ತಲೆಗೆ ತಲೆ ಗುದ್ದಿದ ಸದ್ದು ಕೇಳಿದರೆ ಈಗ ಕಣ್ಣು ಮುಚ್ಚಿಕೊಳ್ತೀನಿ. ಹದಿನಾಲ್ಕರ ಒಳಗಿನ ಮಕ್ಕಳು ಮೈಮೇಲೆ ಬೀಳದ, ಬರೀ ಸೊಂಟದ ಪಟ್ಟಿ ಕಿತ್ತುಕೊಳ್ಳುವ ಫ್ಲ್ಯಾಗ್ ಫುಟ್‌ಬಾಲ್ ಆಡಲಿ ಅಂತ ಬುವೊನಿಕಾಂಟಿ ಕೊನೆಕೊನೆಗೆ ಹೇಳುತ್ತಿದ್ದ. ನಾನೂ ಅವನ ಕಡೆಯೇ. ನಿನ್ನ ತಮ್ಮ ಹೈಸ್ಕೂಲ್ ತಂಡಕ್ಕೆ ಸೇರ್ತೀನಿ ಅಂತ ಹಠ ಹಿಡಿದಾಗ ನಾನು ಬೇಡ ಅಂದದ್ದು ಯಾಕೆ ಅಂತ ಈಗ ನಿನಗೆ ಅರ್ಥ ಆಗಿರಬೇಕು.

ಆದರೆ ಆ ತಂಡವನ್ನು ಡಮ್ಮಿಗಳನ್ನು ಹೊಡೆದು ಹೆಸರು ಮಾಡಿದವರು ಅನ್ನೋದನ್ನು ನಾನು ಒಪ್ಪಲ್ಲ. ನಿನ್ನ ಸ್ನೇಹಿತರು ರಜೆಗೆ ಮಯಾಮಿಗೆ ಬಂದರೆ ಮನೆಗೆ ಕರ್ಕೊಂಡು ಬಾ. ಪಿಟ್ಸ್‌ಬರ್ಗ್ ಪಂದ್ಯದ ಬಗ್ಗೆ ನಾನೇ ಕೂರಿಸಿ ಹೇಳ್ತೀನಿ, ಊಟಕ್ಕೆ ಬಿಸಿಬೇಳೆಬಾತೂ ಮಾಡ್ತೀನಿ.

ನಿನ್ನ
ಅಮ್ಮ